‘ಏನ್ರಿ’ ಎಂಬ ಬಿರುದು

ಹ್ಯೂಸ್ಟನ್ನಿನಲ್ಲಿ ಬಾಡಿಗೆಗೆ ಸಿಗುವ ದೊಡ್ಡ ಅಡುಗೆಮನೆಯೊಂದರಲ್ಲಿ ನಾನು ರೊಟ್ಟಿ ಬಡಿಯುತ್ತೇನೆ. ಊರಂಚಿನ ಶುಗರ್ ಲ್ಯಾಂಡಿನ ಕನ್ನಡದವರ ಮನೆಗಳಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಳಿಸುವುದು ನನ್ನ ಕೆಲಸ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಖಾನಾವಳಿಯಲ್ಲಿ ಪಳಗಿದ ಕೈ ಇದು. ಈ ಕೈಯ ಮೇಲೆಯೇ ಇಲ್ಲಿ ಸಂಸಾರ ನಿಂತಿದೆ.

ಪಕ್ಕದ ಒಲೆ ನೈಜೀರಿಯಾದ ಇಗ್ಬೋ ಗೆಳೆಯನದು. ತನ್ನ ಮಂದಿಯ ಮದುವೆ, ನಾಮಕರಣಗಳಿಗೆ ಅವನು ದೊಡ್ಡ ಪಾತ್ರೆಯಲ್ಲಿ ಟೊಮೆಟೊ ಹಾಕಿ ಕೆಂಪನ್ನ ಮಾಡುತ್ತಾನೆ. ಅಪ್ಪ ಅಮ್ಮ ಇಟ್ಟ ಅವನ ಹೆಸರನ್ನು ಅವನ ಗೆಳೆಯರ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಯಾರು ಬಾಗಿಲಿಗೆ ಬಂದರೂ ‘ಒಮೆಕನ್ನಾಯ’ ಎಂದು ಅವನ ಬಿರುದನ್ನೇ ಕೂಗುತ್ತಾರೆ. ಇವನು ಸೌಟು ಕೆಳಗಿಟ್ಟು, ಬಂದವನ ಬಿರುದನ್ನು ಅಷ್ಟೇ ಜೋರಾಗಿ ತಿರುಗಿ ಕೂಗುತ್ತಾನೆ. ಉಳಿದ ಮಾತೆಲ್ಲ ಆಮೇಲೆ. ತಿರುಗಿ ಕೂಗದಿದ್ದರೆ, ಬಂದವನಿಗೆ ನೀರು ಸಹ ಕೊಡದೆ ಕಳಿಸಿದ ಹಾಗೆ. ಒಮೆಕನ್ನಾಯ ಅಂದರೆ ಅಪ್ಪನ ಹಾಗೆ ನಡೆಯುವವನು ಎಂದು ಅವನೇ ಹೇಳಿದ. ಅವನಪ್ಪ ಗೆಣಸಿನ ವ್ಯಾಪಾರಿ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುತ್ತಿರಲಿಲ್ಲವಂತೆ.

ಊರಿನ ನಮ್ಮ ಓಣಿಯಲ್ಲಿ ಅಡ್ಡಹೆಸರು ಇಡುತ್ತಿದ್ದದ್ದು ಮನುಷ್ಯನ ಕೊರತೆ ಹುಡುಕಿ. ಕುಂಟ, ಡೊಳ್ಳ, ತೊದಲ. ನನಗೂ ಒಂದಿತ್ತು, ಅದನ್ನು ಬರೆಯುವುದಿಲ್ಲ. ಈಗ ಇಲ್ಲಿಯ ಕನ್ನಡದವರ ಹಬ್ಬದೂಟದಲ್ಲಿ ಡಾಕ್ಟರು ‘ಡಾಕ್ಟ್ರೇ’, ತೈಲ ಕಂಪನಿಯ ಇಂಜಿನಿಯರು ‘ಸಾರ್’, ನಾನು ‘ರೊಟ್ಟಿ ಅಂಕಲ್’. ಪ್ರೀತಿಯಿಂದಲೇ ಕರೆಯುತ್ತಾರೆ. ಆದರೂ ಇದಕ್ಕಿಂತ ತೂಕದ ಹೆಸರು ನನಗೆ ಸಲ್ಲಬೇಕು ಅನಿಸುತ್ತಿತ್ತು.

ಹಾಗಾಗಿ ಗೆಳೆಯ ಮಗಳ ಮದುವೆಗೆ ಕರೆದು, “ಬಾಗಿಲಲ್ಲಿ ನಿನ್ನನ್ನು ಏನಂತ ಕೂಗಲಿ?” ಎಂದು ಕೇಳಿದಾಗ ನನ್ನ ಎದೆ ಉಬ್ಬಿತು.

“ನನಗೆ ನಾನೇ ಇಟ್ಟುಕೋಬಹುದಾ?”

“ಇಟ್ಟುಕೋ. ಆದರೆ ಸುಳ್ಳು ಹೆಸರಾದರೆ ಕೂಗುವವರೇ ನಗುತ್ತಾರೆ.”

ಹಿಟ್ಟು ನಾದುತ್ತ ನಾದುತ್ತ ಒಂದು ಹೆಸರು ಆರಿಸಿದೆ: ಅನ್ನದಾತ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

“ಅನ್ನದಾತ ಅಂದ್ರ ಬೆಳೆಯೋ ರೈತ ಅಲ್ರೀ?” ಎಂದಳು. “ನೀವು ಇರ್ವಿಂಗ್‌ನ ಅಂಗಡಿಯಿಂದ ಹಿಟ್ಟಿನ ಚೀಲ ತರಿಸೋರು.”

“ಹಂಗಾರ ನೀನ ಒಂದು ಹೇಳು.”

“ನಾ ಎಲ್ಲೆ ನಿಮ್ಮ ಹೆಸರು ಹೇಳಬೇಕ್ರಿ?”

ಅದೂ ಖರೆ. ನಮ್ಮ ಮದುವೆಯ ದಿನ ಒಡಪಿನಲ್ಲಿ, ಪದ್ಯದ ನಡುವೆ ಅಡಗಿಸಿ ಒಮ್ಮೆ ಹೇಳಿದ್ದೇ ಕಡೆ. ಆಮೇಲೆ ಅವಳು ನನ್ನ ಹೆಸರೆತ್ತಿಲ್ಲ. ಇಲ್ಲಿಯ ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಲೈಸೆನ್ಸ್ ಇಸಿದುಕೊಂಡು ತೋರಿಸುತ್ತಾಳೆ.

ಗೆಳೆಯನ ಮಗಳ ಮದುವೆಯ ದಿನ ನಾನು ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿದ್ದೆ. ಸಭಾಂಗಣದ ಬಾಗಿಲಲ್ಲಿ ಕೆಂಪು ಟೋಪಿಯ ಹಿರಿಯರು ನಿಂತಿದ್ದರು. ಒಬ್ಬೊಬ್ಬರನ್ನೂ ಅವರ ಬಿರುದು ಕೂಗಿಯೇ ಒಳಗೆ ಬಿಡುತ್ತಿದ್ದರು. ನಮ್ಮ ಸರದಿ ಬಂತು. ‘ಅನ್ನದಾತ’ ನನ್ನ ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಗೆಳೆಯನ ಹೆಂಡತಿ ನನ್ನವಳ ಕೈ ಹಿಡಿದು, “ಇವತ್ತು ನೀನು ಹೇಳು. ಮನೆಯಲ್ಲಿ ಅವನನ್ನು ಏನಂತ ಕರೀತಿ?” ಎಂದಳು.

ಎಲ್ಲರೂ ಅವಳನ್ನೇ ನೋಡಿದರು. ಅವಳ ಮುಖ ಕೆಂಪಾಯಿತು. ಈಗ ಏನು ಮಾಡಲಿ ಎಂದು ಕೇಳಲು ನನ್ನ ಕಡೆ ತಿರುಗಿ, ಮೆಲ್ಲಗೆ, “ಏನ್ರಿ...” ಅಂದಳು.

“ಏನ್ರಿ!” ಎಂದು ಗೆಳೆಯ ಗುಡುಗಿದ. ಬಾಗಿಲಿನ ಹಿರಿಯರೂ ಕೂಗಿದರು. ಒಳಗೆ ಕೂತವರಿಗೂ ಹಬ್ಬಿತು. ಒಬ್ಬ ಹಿರಿಯರು ನಗುತ್ತ ನನ್ನ ಹೆಗಲು ತಟ್ಟಿದರು: “ನಮ್ಮ ಮಾತಿನಲ್ಲಿ ನ್ರಿ ಅಂದರೆ ಊಟ. ಅಡುಗೆಯವನಿಗೆ ಸರಿಯಾದ ಹೆಸರೇ ಇಟ್ಟಿದ್ದಾಳೆ.”

ಅದು ಹೆಸರಲ್ಲ, ನನ್ನ ಹೆಸರು ಬೇರೆ ಎಂದು ಹೇಳಬಹುದಿತ್ತು. ಆದರೆ ಆ ಶಬ್ದ ಕೇಳಿದರೆ ನಾನು ಮಾಡುವುದು ಒಂದೇ. ರೂಢಿಯಂತೆ ಹೆಂಡತಿಯ ಕಡೆ ಹೊರಳಿ “ಹ್ಞಾಂ, ಏನ?” ಎಂದುಬಿಟ್ಟೆ. ಗೆಳೆಯ ಕೈ ಚಾಚಿ ಕಾಯುತ್ತಲೇ ಇದ್ದ.

“ನನಗಲ್ರೀ, ಅವರಿಗೆ ಓ ಅನ್ರಿ” ಎಂದು ಅವಳು ಮೊಣಕೈಯಿಂದ ತಿವಿದಳು.

“ಒಮೆಕನ್ನಾಯ!” ಎಂದು ಕೂಗಿ ಅವನ ಕೈ ಹಿಡಿದೆ. ನನ್ನ ದನಿ ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ.

ತಿರುಗಿ ಬರುವಾಗ ಕಾರಿನಲ್ಲಿ ಅವಳು, “ಅದು ನಂದಿತ್ತು” ಎಂದಳು. “ಊರ ಮಂದಿಗೆಲ್ಲಾ ಹಂಚಿ ಬಂದ್ವಿ. ಇನ್ನ ಮನ್ಯಾಗ ನಾ ಏನಂತ ಕರೀಲಿ?”

“ಬ್ಯಾರೆ ನೋಡೋಣಂತ. ಅನ್ನದಾತ ಅನ್ನು.”

ಅವಳು ನಕ್ಕಳು. “ಬ್ಯಾಡ ಬಿಡ್ರಿ. ಅಷ್ಟು ಮಂದಿ ಕೂಗಿದ್ರೂ ನೀವು ಹೊಳ್ಳಿದ್ದು ನನ್ನ ಕಡೇನ. ಅದ ಇರ್ಲಿ.”

ಸಿಗ್ನಲ್ ಕೆಂಪಾಯಿತು. ಕಾರು ನಿಲ್ಲಿಸಿದೆ.

“ಏನ್ರಿ,” ಎಂದಳು, “ನಾಳೆ ಎಷ್ಟು ರೊಟ್ಟಿ ಆರ್ಡರ್ ಅದಾವ?”