ಮತ್ತು ಸಂಗಡಿಗರು

ಅಮ್ಮನ ಬಲಗಿವಿ ಹೋಗಿ ಆಗಲೇ ಬಹಳ ದಿನವಾಗಿತ್ತು. ಎಡಗಿವಿಯೂ ಮೆಲ್ಲಗೆ ಹೊರಟಿದೆ, ತಡೆಯುವ ಔಷಧವಿಲ್ಲ ಎಂದು ಮಿರಜಿನ ಡಾಕ್ಟರು ಹೇಳಿದ ದಿನ ನಾನು ಎಸ್‌.ಟಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಅಮ್ಮ ಅಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತವಳು ಜತ್ತ ಹತ್ತಿರ ಬಂದಾಗ ಒಂದೇ ಮಾತು ಕೇಳಿದಳು.

"ಪೂರ್ತಿ ಕಿವುಡಿ ಆಗೂದರೊಳಗ ನಿಮ್ಮಣ್ಣನ ದನಿ ಒಮ್ಮಿ ಕೇಳಸ್ತೀಯೇನ ಬೇಟಾ?"

ಆಯಿತು ಎಂದುಬಿಟ್ಟೆ. ಬೇರೇನು ಹೇಳಲಿ? ಅಣ್ಣ ಮಣ್ಣಿಗೆ ಹೋಗಿ ವರ್ಷಗಳಾಗಿದ್ದವು.

ಅಣ್ಣ ನಮ್ಮ ಉಟಗಿಯ ಮೊಹರಂ ಪದದ ಮೇಳದಲ್ಲಿದ್ದ. ಮುಂದೆ ನಿಂತು ಪದ ಎತ್ತುವವನಲ್ಲ, ಹಿಂದೆ ನಿಂತು ಪಲ್ಲವಿ ಹಿಡಿಯುವವನು. ತೊಂಬತ್ತರ ದಶಕದಲ್ಲಿ ಗಡಿಯಾಚೆ ಕರ್ನಾಟಕದ ರೇಡಿಯೋ ಸ್ಟೇಷನ್ನಿನವರು ಮೇಳವನ್ನು ಕರೆಸಿ ಒಂದು ಪದ ಹಾಡಿಸಿಕೊಂಡಿದ್ದರು. ಅದು ಪ್ರಸಾರವಾದಾಗೆಲ್ಲ ಮುಖ್ಯ ಹಾಡುಗಾರನ ಹೆಸರು ಹೇಳಿ, 'ಮತ್ತು ಸಂಗಡಿಗರು' ಎನ್ನುತ್ತಿದ್ದರು. ನಮ್ಮಣ್ಣ ಆ ಸಂಗಡಿಗರಲ್ಲಿ ಒಬ್ಬ. ಪದ ಬರುವ ಸಂಜೆ ಓಣಿಯ ಮಂದಿಯೆಲ್ಲ ನಮ್ಮ ಪಡಸಾಲೆಯಲ್ಲಿ ತುಂಬಿರುತ್ತಿದ್ದರು. ಮೇಳದವರು ಹಾಡುವಾಗ ಮಾಡುವ ಹಾಗೆಯೇ ಅಮ್ಮ ಒಂದು ಕಿವಿಗೆ ಅಂಗೈ ಮುಚ್ಚಿ ಕೂಡುತ್ತಿದ್ದಳು. ಅಣ್ಣನ ದನಿ ಬಂದ ಕೂಡಲೇ ಇನ್ನೊಂದು ಕೈಯ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು.

"ಅಷ್ಟೂ ಮಂದಿ ಕೂಡಿ ಒದರಾಕತ್ತಾರ, ಅದರಾಗ ನಿನ್ನ ಮಗಾ ಯಾಂವ ಅಂತ ಹೆಂಗ ತಿಳೀತೈತಿ ನಿನಗ?" ಎಂದು ಪಕ್ಕದ ಮನೆಯ ಕಾಕಿ ಕಾಡುತ್ತಿದ್ದಳು.

"ಹಿಂಡಿನ್ಯಾಗ ಕುರಿ ತನ್ನ ಮರಿ ದನಿ ಹಿಡಿತೈತಿಲ್ಲ? ನಾ ಏನ ಕುರಿಗಿಂತ ಕಡಿಮಿ ಅದೀನೇನ?" ಎನ್ನುತ್ತಿದ್ದಳು ಅಮ್ಮ.

ಆಮೇಲೆ ಕರಜಗಿಯ ಹತ್ತಿರ ಜೀಪು ಉರುಳಿ ಅಣ್ಣ ಹೋದ. ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಮೇಳದ ಹಿರಿಯನ ಬಳಿಯಿದ್ದ ಒಂದೇ ಕ್ಯಾಸೆಟ್ಟನ್ನು ಯಾರೋ ಮದುವೆಗೆಂದು ಒಯ್ದವರು ಮರಳಿ ತಂದಿರಲಿಲ್ಲ. ಸ್ಟೇಷನ್ನಿಗೇ ಹೋಗಿ ಕೇಳಿದೆ. ಅಲ್ಲಿಯ ಗೃಹಸ್ಥರು ಕೂಡ್ರಿಸಿ ಚಹಾ ಕೊಟ್ಟು, ಹಳೆಯ ಟೇಪುಗಳ ಮೇಲೆ ಹೊಸ ಕಾರ್ಯಕ್ರಮ ತುಂಬಿಕೊಳ್ಳುವುದು ಆಗಿನ ರೂಢಿ ಎಂದು ತಿಳಿಸಿ ಹೇಳಿದರು. ಅಣ್ಣನ ಗಂಟಲಿನ ಮೇಲೆ ಈಗ ಯಾರದೋ ಕೃಷಿ ಸಲಹೆ ಇದೆ ಎಂದುಕೊಂಡೆ.

ಆಗ ನಾನು ಜತ್ತದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಊರಿಗೆ ಹೋಗುವ ಜೀಪಿನಲ್ಲಿ ಒಮ್ಮೆ ಕೊಲ್ಲಿ ದೇಶದಿಂದ ರಜೆಗೆ ಬಂದವನೊಬ್ಬ ಪಕ್ಕದ ಸೀಟಿನಲ್ಲಿದ್ದ. ಮಾತಿಗೆ ಮಾತು ಬಂದು ಅವನೆಂದ: "ಅಲ್ಲಿ ನಮ್ಮ ಖೋಲಿಯಾಗ ಇಂಟರ್‌ನೆಟ್ ರೇಡಿಯೋ ಹಚ್ಚತಿದ್ರ ಅಕ್ಕಾರ. ನಮ್ಮ ಕಡಿಯಾಂವನ ಒಬ್ಬ ನಡಸ್ತಾನ. ಹಳೇ ಕ್ಯಾಸೆಟ್ಟ ಕೂಡಿಸಿ ಹಾಕತಾನ. ಜತ್ತ ತಾಲೂಕಿನ ಮೊಹರಂ ಪದ ಅಂತ ಒಂದು ಬರತಿತ್ತು ನೋಡ್ರಿ, ಮೈ ಜುಮ್ ಅಂತಿತ್ತು!"

"ಅದರ ಹೆಸರೇನು? ಅಡ್ರೆಸ್ ಏನು?"

"ಯಾರಿಗಿ ಗೊತ್ತರಿ? ಹುಡುಕಿದ್ರ ಸಿಗತೈತಿ."

ಹುಡುಕಿದರೆ ಸಿಗುತ್ತದಂತೆ! ಎಷ್ಟು ಸಲೀಸಾಗಿ ಹೇಳಿ ಸನಮಡಿಯ ದಾರಿ ಕೂಡುವ ಫಾಟಾದಲ್ಲಿ ಇಳಿದು ಹೋದ ಪುಣ್ಯಾತ್ಮ.

ಕ್ಲಾಸಿನ ಕಂಪ್ಯೂಟರುಗಳಲ್ಲಿ ಹಾಡು ಕೇಳುವ ಒಂದು ಪ್ಲೇಯರ್ ಇತ್ತು. ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಮಾಡಿದವರಿಗೇ ಕಳಿಸಬಹುದು. ಅದು ಇಂಟರ್‌ನೆಟ್ ರೇಡಿಯೋ ಹಾಡಿಸುತ್ತಿತ್ತು, ಆದರೆ ಸ್ಟೇಷನ್ನಿನ ಪೂರ್ತಿ ವಿಳಾಸ ಕೊಟ್ಟರೆ ಮಾತ್ರ. ಹುಡುಕುವ ಸೌಲಭ್ಯವಿರಲಿಲ್ಲ. ಜಗತ್ತಿನ ರೇಡಿಯೋಗಳನ್ನೆಲ್ಲ ಪಟ್ಟಿ ಮಾಡಿಟ್ಟ ಒಂದು ದೊಡ್ಡ ಕಣಜ ನೆಟ್‌ನಲ್ಲಿತ್ತು. ಪ್ಲೇಯರ್‌ಗೂ ಆ ಕಣಜಕ್ಕೂ ನಡುವೆ ನಾನೇ ಒಂದು ಬಾಗಿಲು ಕಟ್ಟುತ್ತೇನೆಂದು ಹಟ ಹಿಡಿದೆ.

ಕಟ್ಟುವುದೇನು ಸುಮ್ಮನೇ? ಹೊಳೆಯ ಆಳ ಇಳಿದವರಿಗೇ ಗೊತ್ತು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಸರಿಹೋಯಿತು ಎನ್ನುವಷ್ಟರಲ್ಲಿ ಲೋಡ್ ಶೆಡ್ಡಿಂಗ್. ಯುಪಿಎಸ್ ಒಮ್ಮೆ ಚೀರಿ ಸತ್ತುಹೋಗುತ್ತಿತ್ತು, ಉಳಿಸದೇ ಇದ್ದ ಕೆಲಸವೆಲ್ಲ ಅದರ ಜೊತೆಗೇ. ಕತ್ತಲಾದ ಪರದೆಯ ಮುಂದೆ ಕೂತು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಕ್ಲಾಸಿನ ಮಾಲಕರು ಕೆಳಗೆ ಬಟ್ಟೆ ಅಂಗಡಿ ಇಟ್ಟಿದ್ದ ಜಂಗಮರು, ವಿಭೂತಿ ಹಚ್ಚಿದ ಹಣೆಯನ್ನು ಬಾಗಿಲಲ್ಲಿ ತೂರಿಸಿ ನಗುತ್ತಿದ್ದರು. "ಏನವ್ವಾ ತಂಗಿ, ಹುಡುಗೂರಿಗಿ ಟೈಪಿಂಗ್ ಕಲಸು ಅಂದ್ರ ನೀ ರೇಡಿಯೋ ರಿಪೇರಿ ಹಚ್ಚೀಯಲ್ಲ?" ನನಗೆ ನಗು ಬರುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಪ್ರತಿ ಮಾತಿಗೂ "ಆಂ? ಆಂ?" ಎನ್ನತೊಡಗಿದ್ದಳು. ಕುಕ್ಕರಿನ ಸೀಟಿ ಆಕೆಗೆ ಕೇಳದಂತಾದ ದಿನ ಕೈಯಲ್ಲಿದ್ದ ಲಟ್ಟಣಿಗೆ ಬಿಟ್ಟು ಹಿತ್ತಲಿಗೆ ಓಡಿ ಹೋಗಿದ್ದೆ.

ಕೊನೆಗೂ ಬಾಗಿಲು ತೆರೆಯಿತು. ಪ್ಲೇಯರಿನಲ್ಲಿ ಹುಡುಕುವ ಹೊಸ ಕಿಟಕಿ ಬಂತು. ದೇಶ ಆರಿಸಿದರೆ ರಾಜ್ಯ, ರಾಜ್ಯ ಆರಿಸಿದರೆ ಭಾಷೆ, ಭಾಷೆ ಆರಿಸಿದರೆ ಸ್ಟೇಷನ್ನುಗಳ ಪಟ್ಟಿ. ಭಾರತ, ಕರ್ನಾಟಕ, ಕನ್ನಡ ಎಂದು ಒತ್ತಿದೆ. ಪೇಟೆಯ ಸಿನಿಮಾ ಹಾಡುಗಳು ಬಂದವು. ಮಹಾರಾಷ್ಟ್ರ ಎಂದು ಒತ್ತಿದೆ. ಕನ್ನಡದ ಮುಂದೆ ಏನೂ ಇರಲಿಲ್ಲ. ಮತ್ತೆ ಮತ್ತೆ ಒತ್ತಿದೆ, ಒತ್ತಿದರೆ ಹುಟ್ಟುತ್ತದೆ ಎನ್ನುವಂತೆ. ಮುಗಿಯಿತು, ನನ್ನ ಕೈಯಲ್ಲಿ ಆಗುವುದಿಲ್ಲ, ಅಮ್ಮನಿಗೆ ಸುಳ್ಳು ಆಸೆ ಹಚ್ಚಿದೆ ಎಂದು ತಲೆ ಹಿಡಿದು ಕೂತೆ.

ಆ ದಿನ ಅಮ್ಮ ಮೊಣಕಾಲು ನೋವಿನ ಔಷಧಕ್ಕೆಂದು ಜತ್ತಕ್ಕೆ ಬಂದವಳು ನನ್ನ ಪಕ್ಕದಲ್ಲೇ ಕುರ್ಚಿಯಲ್ಲಿದ್ದಳು. ಪರದೆ ತೋರಿಸಿ ಕೇಳಿದಳು, "ಏನ ಕೇಳಾಕತ್ತೈತಿ ಅದು?"

ಎಡಗಿವಿಗೆ ಬಾಯಿಟ್ಟು ಕೂಗಿದೆ. "ಯಾವ ದೇಶ, ಯಾವ ರಾಜ್ಯ ಅಂತ ಕೇಳತೈತಿ!"

"ಅದನ್ನ ಯಾರು ಕೇಳಂತ ಹೇಳಿದ್ರ ಅದಕ್ಕ?"

"ನಾನ!"

ಅಮ್ಮ ನನ್ನನ್ನೇ ನೋಡಿದಳು. "ನಾ ಇರೂದು ಮಹಾರಾಷ್ಟ್ರದಾಗ. ಆಡೂದು ಕನ್ನಡ. ಮಗಾ ಹಾಡಿದ್ದು ಮೊಹರಂ ಪದ. ನನ್ನ ಯಾವ ಖಾನ್ಯಾಗ ಕುಂದ್ರಸ್ತಿ ನೀ?"

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸಾಲಿ, ತಹಸೀಲು, ರೇಶನ್ನು, ಎಲ್ಲ ಕಡೆ ರಾಜ್ಯ ಒಂದು, ಮಾತೃಭಾಷೆ ಒಂದು ಹೇಳಿ ಎದುರಿನವರು ಹುಬ್ಬೇರಿಸುವುದನ್ನು ನೋಡುತ್ತ ಬೆಳೆದವಳು ನಾನು. ಅಂಥವಳು ಅದೇ ಪ್ರಶ್ನೆಯನ್ನು ಹೊಸ್ತಿಲಲ್ಲೇ ನಿಲ್ಲಿಸಿದ್ದೆ! ಸ್ಟೇಷನ್ ನಡೆಸುವವನು ಕೊಲ್ಲಿ ದೇಶದಲ್ಲಿದ್ದಾನೆ, ಕಣಜದಲ್ಲಿ ಅದು ಆ ದೇಶದ ಹೆಸರಿನಲ್ಲೇ ಇರುತ್ತದೆ ಎಂಬುದು ನನ್ನ ಹುಚ್ಚು ತಲೆಗೆ ಹೊಳೆದೇ ಇರಲಿಲ್ಲ. ಕರೆಂಟು ಹೋಗುವ ಮೊದಲು ದೇಶ, ರಾಜ್ಯ ಎರಡನ್ನೂ ಕಿತ್ತು ಹಾಕಿ ಭಾಷೆಯೊಂದನ್ನೇ ಇಟ್ಟೆ. ಆಮೇಲೆ ಇದನ್ನೇ ಪ್ಲೇಯರ್ ಮಾಡಿದವರಿಗೆ ಕಳಿಸಿದ್ದು, ಅವರು ಸೇರಿಸಿಕೊಂಡದ್ದು. ಆದರೆ ಆ ಗಳಿಗೆಯಲ್ಲಿ ನನಗೆ ಯಾರ ಶಹಬ್ಬಾಸ್‌ಗಿರಿಯೂ ಬೇಕಿರಲಿಲ್ಲ.

ಸಿಕ್ಕಿತು. ಕೊಲ್ಲಿ ದೇಶದ ಹೆಸರಿನ ಕೆಳಗೆ ಜಾನಪದದ ಒಂದು ಸ್ಟೇಷನ್. ಒತ್ತಿದೆ. ಲಾವಣಿ ನಡೆದಿತ್ತು. ಅಮ್ಮನ ಎಡಗಿವಿಗೆ ಹೆಡ್‌ಫೋನಿನ ಒಂದು ಬಟ್ಟಲು ಹಚ್ಚಿ, ಇನ್ನೊಂದನ್ನು ನನ್ನ ಕಿವಿಗೆ ಒತ್ತಿಕೊಂಡು ಕೂತೆ. ಲಾವಣಿ ಮುಗಿಯಿತು, ಗೀಗೀ ಪದ ಬಂತು. ನಾವು ಏಳಲಿಲ್ಲ. ಕ್ಲಾಸಿಗೆ ಬಂದ ಹುಡುಗಿಯರನ್ನು ಮಾಲಕರೇ ವಾಪಸ್ ಕಳಿಸಿದರು. ಯಾ ಅಲ್ಲಾ, ಕರೆಂಟು ಒಂದು ಹೋಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಆಗ ಎಂದೋ ಯಾರೋ ರೇಡಿಯೋದಿಂದ ತುಂಬಿಕೊಂಡ ಕ್ಯಾಸೆಟ್ಟಿನ ಗರಗರದ ನಡುವಿನಿಂದ ಹಳೆಯ ನಿರೂಪಕಿಯ ದನಿ ಬಂತು. ಜತ್ತ ತಾಲೂಕಿನ ಮೊಹರಂ ಪದ. ಊರಿನ ಹೆಸರು ಗರಗರದಲ್ಲಿ ಮುಳುಗಿತು. ಹಲಗೆ ಬಿತ್ತು, ಪದ ಎದ್ದಿತು. ಅಮ್ಮ ಕೇಳದ ಬಲಗಿವಿಗೆ ಅಂಗೈ ಮುಚ್ಚಿಕೊಂಡಳು. ನಾನು ಅವಳ ಇನ್ನೊಂದು ಕೈಯ ಬೆರಳನ್ನೇ ನೋಡುತ್ತ ಕೂತೆ. ಪಲ್ಲವಿ ಬಂತು, ಹಿಮ್ಮೇಳ ಎತ್ತಿಕೊಂಡಿತು. ಬೆರಳು ಮೊಣಕಾಲ ಮೇಲೆ ಇದ್ದ ಹಾಗೇ ಇತ್ತು. ಎರಡನೆಯ ನುಡಿ, ಮೂರನೆಯ ನುಡಿ. ಎತ್ತಮ್ಮಾ, ಬೆರಳು ಎತ್ತು ಎಂದು ಒಳಗೇ ಚೀರುತ್ತಿದ್ದೆ. ಪದ ಮುಗಿಯಿತು. ಕೊನೆಯಲ್ಲಿ ನಿರೂಪಕಿ ಇನ್ನೊಮ್ಮೆ, ಈ ಸಲ ಸ್ವಚ್ಛವಾಗಿ ಹೇಳಿದಳು: ಸನಮಡಿಯ ಮೇಳ, ಹಾಡುಗಾರನ ಹೆಸರು, ಮತ್ತು ಸಂಗಡಿಗರು.

ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅಮ್ಮ ನನ್ನ ಬೆನ್ನು ಸವರಿದಳು.

"ನಮ್ಮಂವ ಅಲ್ಲ," ಎಂದಳು. "ಆದರ ಹಿಂದ ಒಬ್ಬ ಹುಡುಗ ಅದಾನ ನೋಡು, ನಮ್ಮಂವನಂಗ ಪಲ್ಲವಿ ಎಳಿತಾನ. ಇದು ಯಾವೂರ ಮ್ಯಾಳಂತ?"

"ಸನಮಡಿ!" ಎಂದು ಕೂಗಿದೆ.

ಅಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು. ಊರಿಗೆ ಹೊರಟಳೆಂದು ನಾನು ಔಷಧದ ಚೀಲ ಹುಡುಕುತ್ತಿದ್ದೆ.

"ಏಳ, ಸನಮಡಿ ಜೀಪ ಹಿಡಿಯೂನು," ಎಂದಳು. "ಆ ಹುಡುಗನ ಅವ್ವ ಯಾರದಾಳ ಕೇಳೂನು, ಇಲ್ಲಿ ಕರಕೊಂಡ ಬರೂನು. ಆಕಿಗಿ ಇನ್ನೂ ಕಿವಿ ಕೇಳಸ್ತಿರಬೇಕು."