ಕಿವಿ ಮೇಸ್ತ್ರಿಯ ಹೆಂಡತಿ ಗಾಡಿ ಹತ್ತಿದ್ದು

ಓಣಿಯ ಕೊನೆಯ ಗ್ಯಾರೇಜಿನವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಜನ ಮಾತ್ರ ಅವನನ್ನು ಕರೆಯುತ್ತಿದ್ದದ್ದು ಕಿವಿ ಮೇಸ್ತ್ರಿ ಎಂದು. ಗಾಡಿ ಇನ್ನೂ ತಿರುವು ದಾಟುವ ಮೊದಲೇ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆ, "ಫ್ಯಾನ್ ಬೆಲ್ಟ್ ಸಡಿಲ ಆಗಿದೆ" ಎಂದೋ "ಸೈಲೆನ್ಸರ್ ತೂತಾಗಿದೆ" ಎಂದೋ ಹೇಳಿಬಿಡುತ್ತಿದ್ದ. ಗಾಡಿಯವನು ಇಳಿದು ಬಾಯಿ ತೆರೆಯುವಷ್ಟರಲ್ಲಿ ಬೇಕಾದ ಸಾಮಾನು ಮೇಜಿನ ಮೇಲೆ ಬಂದು ಕೂತಿರುತ್ತಿತ್ತು. ಈ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಜಂಬ.

ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ನಡುವೆ ಒಂದು ಗೋಡೆ, ಗೋಡೆಗೊಂದು ಕಿಟಕಿ. ಆ ಕಿಟಕಿಯಿಂದ ಚಹಾ ಒಂದು ಕಡೆಗೆ ಬರುತ್ತಿತ್ತು, ಬೈಗುಳ ಎರಡೂ ಕಡೆಗೆ ಓಡಾಡುತ್ತಿತ್ತು.

ಇತ್ತೀಚೆಗೆ ಒಂದು ವಿಷಯ ಮೇಸ್ತ್ರಿಯನ್ನು ಕೊರೆಯುತ್ತಿತ್ತು. ಎಂಜಿನ್ನಿನ ಗುಡುಗುಡು ಕೇಳುತ್ತಿತ್ತು, ಗೇರಿನ ಕಟಕಟ ಕೇಳುತ್ತಿತ್ತು. ತೆಳ್ಳಗಿನ, ಮೊನಚಾದ ಸದ್ದುಗಳು ಮಾತ್ರ ಹೇಳದೆ ಕೇಳದೆ ಎದ್ದು ಹೋಗಿದ್ದವು. ಕುಕ್ಕರ್ ಸೀಟಿ ಹೊಡೆದದ್ದು ತಿಳಿಯದೆ ಎರಡು ಸಲ ತಳ ಸೀಯಿಸಿದ್ದ. "ಏನೋ ಯೋಚನೆ ಮಾಡ್ತಾ ಇದ್ದೆ ಕಣೇ" ಎಂದು ಜಾರಿಕೊಂಡಿದ್ದ. ಕಿವಿ ಮೇಸ್ತ್ರಿಗೇ ಕಿವಿ ಕೇಳುವುದಿಲ್ಲ ಎಂಬ ಸುದ್ದಿ ಹಬ್ಬಿದರೆ ನಾಳೆಯಿಂದ ಗಾಡಿ ಯಾರು ತರುತ್ತಾರೆ?

ಹೀಗಿರುವಾಗ ಬಂದದ್ದು ನರ್ಸರಿಯಮ್ಮನ ಪಿಕಪ್. ಹೂಗಿಡ, ಹಣ್ಣಿನ ಸಸಿ ಬೆಳೆಸಿ ಮಾರುವ ದಿಟ್ಟ ಹೆಂಗಸು. ಗಾಡಿಯನ್ನು ತಾವೇ ಓಡಿಸುತ್ತಿದ್ದರು. "ಬ್ರೇಕ್ ಹಾಕಿದ್ರೆ ಕೀಂಯ್ ಅಂತ ಕಿರುಚುತ್ತೆ" ಎಂದರು. ಮೇಸ್ತ್ರಿ ಒಂದು ಸುತ್ತು ಓಡಿಸಿ ನೋಡಿದ. ಏನೂ ಕೇಳಲಿಲ್ಲ. ಅಂದಾಜಿನ ಮೇಲೆ ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ಬದಲಾಯಿಸಿ ಕಳಿಸಿದ. ಅವರು ಮತ್ತೆ ಬಂದಾಗ ಭಂಡಧೈರ್ಯ ಮಾಡಿ ಹೇಳಿಯೇಬಿಟ್ಟ: "ಗಾಡಿ ಸರಿಯಾಗೇ ಇದೆ ಅಮ್ಮಾ. ನೀವೇ ಒಂದ್ಸಲ ಕಿವಿ ತೋರಿಸ್ಕೊಳ್ಳಿ."

ಮೂರನೆಯ ಸಲ ನರ್ಸರಿಯಮ್ಮ ಇಳಿದವರೇ ಕೈಚೀಲದಿಂದ ಡಾಕ್ಟರ ಚೀಟಿ ತೆಗೆದು ಅವನ ಮುಖದ ಮುಂದೆ ಆಡಿಸಿದರು.

"ತೋರಿಸ್ಕೊಂಡು ಬಂದೆ ಮೇಸ್ತ್ರಿ. ನೀವು ಹೇಳಿದ್ಮೇಲೆ ಬಿಡೋಕಾಗುತ್ತಾ? ನನ್ನ ಕಿವಿ ಹದಿನಾರರ ಹುಡುಗಿ ಕಿವಿ ಇದ್ದ ಹಾಗಿದೆಯಂತೆ!"

ಮೇಸ್ತ್ರಿ ಚೀಟಿಯನ್ನೇ ನೋಡಿದ. ತನ್ನ ಮಾತು ನಂಬಿ ಈ ತಾಯಿ ಆಸ್ಪತ್ರೆಗೆ ಹೋಗಿ ಬಂದಿದ್ದಾರೆ. ಅವರು ಬಾಯಿಗೆ ಬಂದಂತೆ ಬೈದಿದ್ದರೂ ಇಷ್ಟು ನಾಟುತ್ತಿರಲಿಲ್ಲ.

"ಸಂಜೆ ಸಸಿ ತುಂಬ್ಕೊಂಡು ಇಳಿಜಾರು ಇಳೀಬೇಕು" ಎಂದರು ಅವರು. "ಈಗ ಸರಿ ಆಗ್ಲಿಲ್ಲ ಅಂದ್ರೆ ದೊಡ್ಡ ರಸ್ತೆ ಗ್ಯಾರೇಜಿಗೆ ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ಮೇಸ್ತ್ರಿ ಕೀಲಿಕೈಗೆ ಕೈ ಚಾಚಿದ. ಅಷ್ಟರಲ್ಲಿ ಹೊಲಿಗೆ ಯಂತ್ರ ನಿಂತು, ಕಿಟಕಿಯಲ್ಲಿ ಹೆಂಡತಿಯ ಮುಖ ಕಾಣಿಸಿತು.

"ಖಾಲಿ ಗಾಡಿ ಓಡಿಸಿದ್ರೆ ಹೇಗ್ರೀ ಗೊತ್ತಾಗುತ್ತೆ? ಹಿಂದೆ ಭಾರ ಬೇಡ್ವಾ? ಇರಿ, ನಾನೇ ಹತ್ತಿ ಕೂರ್ತೀನಿ."

"ನೀನಾ?"

"ಯಾಕೆ, ನನ್ನ ಭಾರದ ಮೇಲೆ ಅನುಮಾನವಾ? ಮೊನ್ನೆ ಕುರ್ಚಿ ಕಾಲು ಮುರಿದಾಗ ಏನೇನೋ ಅಂದಿದ್ರಲ್ಲ!"

ನರ್ಸರಿಯಮ್ಮ ಕಿಸಕ್ಕನೆ ನಕ್ಕುಬಿಟ್ಟರು.

ಕೊರಳಲ್ಲಿ ಅಳತೆಯ ಟೇಪು ತೂಗಾಡುತ್ತಿದ್ದಂತೆಯೇ ಅವಳು ಸ್ಟೂಲಿನ ಮೇಲೆ ಕಾಲಿಟ್ಟು ಪಿಕಪ್ಪಿನ ಹಿಂಭಾಗಕ್ಕೆ ಹತ್ತಿದಳು. ಮೇಸ್ತ್ರಿ ಓಣಿಯುದ್ದಕ್ಕೂ ಓಡಿಸಿ ಬ್ರೇಕ್ ಒತ್ತಿದ. ಹಿಂದಿನಿಂದ ಹೆಂಡತಿ ಅವನ ತಲೆಯ ಮೇಲಿನ ತಗಡನ್ನು ದಬದಬ ಬಡಿದಳು.

"ಬಲಗಡೆ! ಹಿಂದಿನ ಚಕ್ರ!"

"ಒತ್ತಿದ ತಕ್ಷಣಾನಾ, ನಿಲ್ಲೋ ಹೊತ್ತಿಗಾ? ಹೇಗೆ ಕೂಗ್ತು?"

ಅವಳು ಕತ್ತೆತ್ತಿ ಕೂಗಿಯೇ ತೋರಿಸಿದಳು. "ಕ್ರ್‌ರ್‌ರ್... ಕೀಂಯ್!" ಎದುರುಮನೆಯ ಅಜ್ಜಿ ಗಾಬರಿಯಿಂದ ಬಾಗಿಲು ತೆರೆದರು. ಜಗತ್ತಿನ ಯಾವ ಸದ್ದು ತಪ್ಪಿದರೂ ಹೆಂಡತಿಯ ದನಿ ಮೇಸ್ತ್ರಿಗೆ ಎಂದೂ ತಪ್ಪಿದ್ದಿಲ್ಲ.

"ನಿಲ್ಲೋ ಹೊತ್ತಿಗೆ ಕಣ್ರೀ. ಮೊದಲು ನಡುಗುತ್ತೆ, ಆಮೇಲೆ ಕಿರುಚುತ್ತೆ. ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮ. ಎಣ್ಣೆ ಕಾಣದ ಹೊಲಿಗೆ ಯಂತ್ರ ಹೀಗೇ ಅಳೋದು."

ಮೇಸ್ತ್ರಿಯ ಮುಖ ಅರಳಿತು. ಚಕ್ರ ತಿರುಗಿದಂತೆಲ್ಲ ಬಿಟ್ಟು ಬಿಟ್ಟು ಕೂಗಿದ್ದರೆ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮಿನ ಮೇಲೆ ಅನುಮಾನಪಡಬೇಕಿತ್ತು. ನಡುಗಿ ಕೂಗುತ್ತದೆಂದರೆ ಒಳಗಿನಿಂದ ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ನೆಟ್ಟಗೆ ಕೂತಿಲ್ಲ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಚಕ್ರ ಕಳಚಿ, ಡ್ರಮ್ಮನ್ನು ಮೆಲ್ಲನೆ ತಟ್ಟಿ ಎಳೆದ. ಒದ್ದೆ ಬಟ್ಟೆಯಲ್ಲಿ ಕರಿ ಪುಡಿ ಒರೆಸಿದ ಮೇಲೆ ಕಳ್ಳ ಸಿಕ್ಕಿಬಿದ್ದ. ಶೂವನ್ನು ಹಿಡಿದಿಡುವ ಸ್ಪ್ರಿಂಗ್ ಸೋತುಹೋಗಿತ್ತು. ಶೂ ಸರಿದಾಡುವ ತಟ್ಟೆ ಒಣಗಿ, ಸವೆದು, ಗೀರುಬಿದ್ದಿತ್ತು. ಗೀರುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ಶೂ ತಾಗುವ ಕಡೆಗಳಿಗೆ ಮಾತ್ರ ಬಿಸಿ ತಡೆಯುವ ಗ್ರೀಸನ್ನು ಬೆರಳ ತುದಿಯಲ್ಲಿ ಕಾಡಿಗೆ ತೀಡಿದಂತೆ ತೀಡಿದ. ಶೂವಿನ ಮೈಗೆ ಅಂಟಿಸಿದ ಲೈನಿಂಗಿಗೆ ಒಂದಿಷ್ಟು ಸೋಕಿದರೂ ಬ್ರೇಕೇ ಹಿಡಿಯುವುದಿಲ್ಲ. ಹೊಸ ಸ್ಪ್ರಿಂಗ್ ಹಾಕಿ, ಹೊಳಪೇರಿದ್ದ ಲೈನಿಂಗನ್ನು ಮರಳು ಕಾಗದದಲ್ಲಿ ಉಜ್ಜಿದ. ಎಡಗಡೆಗೂ ಅದೇ ಉಪಚಾರ ಮಾಡಿದ.

ಮತ್ತೆ ಹೆಂಡತಿ ಹತ್ತಿದಳು. ಮತ್ತೆ ಬ್ರೇಕ್ ಒತ್ತಿದ. ತಗಡು ಸದ್ದು ಮಾಡಲಿಲ್ಲ.

"ಏನಾಯ್ತೇ?"

"ಏನೂ ಆಗ್ಲಿಲ್ಲ. ಹಾಲು ಕುಡಿದು ಮಲಗಿದ ಮಗು ಇದ್ದ ಹಾಗಿದೆ."

ನರ್ಸರಿಯಮ್ಮ ಖುಷಿಯಿಂದ ಕೀಲಿಕೈ ತೆಗೆದುಕೊಂಡರು. ಅಲ್ಲಿಗೆ ಮೇಸ್ತ್ರಿ ಸುಮ್ಮನಿರಬಹುದಿತ್ತು. ಭಾರದ ನೆಪ ಹೇಗೂ ಹೆಂಡತಿ ಕೊಟ್ಟಿದ್ದಳು. ಆದರೆ ಆ ಡಾಕ್ಟರ ಚೀಟಿ ಕಣ್ಣಿಗೆ ಚುಚ್ಚುತ್ತಿತ್ತು.

"ಅಮ್ಮಾ, ಕಿವಿ ತೋರಿಸ್ಕೋಬೇಕಾಗಿದ್ದು ನಾನು" ಎಂದ. "ಸಣ್ಣ ಸದ್ದು ನನಗೆ ಕೇಳಿಸೋದೇ ಇಲ್ಲ. ನಿಮ್ಮನ್ನ ಸುಮ್ಮನೆ ಅಲೆಸಿದೆ."

"ಕುಕ್ಕರ್ ಸೀದಾಗಲೇ ನನಗೆ ಗೊತ್ತಾಗಿತ್ತು" ಎಂದಳು ಹೆಂಡತಿ, ಗಾಡಿಯ ಮೇಲಿನಿಂದಲೇ.

ನರ್ಸರಿಯಮ್ಮ ಆ ಚೀಟಿಯನ್ನೇ ಮಡಚಿ ಅವನ ಅಂಗಿಯ ಜೇಬಿಗೆ ತುರುಕಿದರು. "ವಿಳಾಸ ಇದರಲ್ಲೇ ಇದೆ, ಹೋಗಿ ಬನ್ನಿ. ಮುಂದಿನ ಸರ್ವೀಸಿಗೂ ಇಲ್ಲಿಗೇ ಬರ್ತೀನಿ. ಆದ್ರೆ ಇವರೂ ಇರ್ಬೇಕು."

ಈಗ ಮೇಸ್ತ್ರಿಯ ಕಿವಿಯಲ್ಲಿ ಪುಟ್ಟ ಯಂತ್ರವೊಂದು ಕೂತಿದೆ. ಓಣಿಗೆಲ್ಲ ವಿಷಯ ಗೊತ್ತಾಯಿತು, ಗಾಡಿಗಳು ಬರುವುದು ನಿಲ್ಲಲಿಲ್ಲ. ಹಿಂದಿನ ಬ್ರೇಕಿನ ದೂರು ಬಂದರೆ ಅವನು ಈಗಲೂ ಕಿಟಕಿಯತ್ತ ತಿರುಗುತ್ತಾನೆ. ಹೆಂಡತಿ ಉಳಿದ ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿದ ದಪ್ಪನೆಯ ಮೆತ್ತೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬರುತ್ತಾಳೆ. ಮೊದಲ ದಿನ ಬರಿ ತಗಡಿನ ಮೇಲೆ ಕೂತು ಅವಳಿಗೆ ಸೊಂಟ ಹಿಡಿದುಕೊಂಡಿತ್ತಂತೆ.