ಒಂದು ಸಾರಿ

ಮೂರು ತಿಂಗಳ ಕಾಲ ನಮ್ಮ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ, ನೂರು ಪುಟದ ನೋಟ್‌ಬುಕ್ಕೊಂದು ಕೂತಿತ್ತು. ಅದರ ತುಂಬ ನಮ್ಮ ಯಜಮಾನರ ದುಂಡು ಅಕ್ಷರದಲ್ಲಿ, ಕನ್ನಡ ಲಿಪಿಯಲ್ಲೇ ಬರೆದುಕೊಂಡ ಇಂಗ್ಲಿಷ್ ವಾಕ್ಯಗಳು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ಕೂದಲು ಬೆಳ್ಳಗಾಗಿಸಿಕೊಂಡು ಈಗ ಫೋರ್‌ಮನ್ ಆಗಿರುವ ಅವರಿಗೆ, ಐವತ್ನಾಲ್ಕನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕ್ಲಾಸು ಶುರುವಾಗಿತ್ತು. ಹೊರದೇಶದ ಗಿರಾಕಿಗಳು ಬಂದಾಗ ನಾಲ್ಕು ಮಾತು ಆಡಲು ಬರಬೇಕೆಂದು ಆಡಳಿತದವರು ವಾರಕ್ಕೆರಡು ದಿನ ಪಾಠ ಇಟ್ಟಿದ್ದರು. ಕಲಿಸುವ ಹುಡುಗಿ ನಮ್ಮ ಮಗಳಿಗಿಂತ ಚಿಕ್ಕವಳು. ಕಲಿತದ್ದನ್ನು ಮನೆಯಲ್ಲಿ ಆಡಿ ನೋಡಬೇಕೆಂದು ಅವಳ ಅಪ್ಪಣೆ. ಮಗಳು ಮದುವೆಯಾಗಿ ಹೋದ ಮೇಲೆ ಚಿಕ್ಕಬಾಣಾವರದ ಈ ಮನೆಯಲ್ಲಿ ಆಡಿ ನೋಡಲು ಸಿಗುವವಳು ನಾನೊಬ್ಬಳೇ.

ಹಾವೇರಿ ಕಡೆಯ ನಾವು ಮನೆಯೊಳಗೆ ಇನ್ನೂ ಊರ ಮಾತನ್ನೇ ಆಡುತ್ತೇವೆ. ಅದರ ನಡುವೆ ಒಂದು ದಿನ ರೊಟ್ಟಿ ಮುರಿಯುತ್ತ ಅವರು ಗಂಭೀರವಾಗಿ, “ಕುಡ್ ಯೂ ಪ್ಲೀಸ್ ಪಾಸ್ ದ ಸಾಲ್ಟ್?” ಅಂದರು.

“ಉಪ್ಪು ನಿಮ್ಮ ಮುಂದ ಐತಲ್ರಿ.”

“ಐತಿ ಅಂತ ನನಗೂ ಗೊತ್ತೈತಿ. ನೀ ಅದನ್ನ ಆ ಕಡೆ ಸರಿಸಿ, ಆಮ್ಯಾಲ ಕೊಡು.”

ಸರಿಸಿ ಕೊಟ್ಟೆ. “ಥ್ಯಾಂಕ್ ಯೂ” ಅಂದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಮೊದಲ ಥ್ಯಾಂಕ್ಸು ಅದು. ನಗು ತಡೆಯಲಾರದೆ ಅಡುಗೆಮನೆಗೆ ಎದ್ದು ಹೋದೆ.

ಹೋದವಳು ಯೋಚಿಸಿದೆ. ನೀವೇ ಹೇಳಿ, ನಮ್ಮ ಮನೆಗಳಲ್ಲಿ ಯಾರು ಯಾರಿಗೆ ಧನ್ಯವಾದ ಹೇಳುತ್ತಾರೆ? ಅದೇನಿದ್ದರೂ ಸಮಾರಂಭದ ಕೊನೆಯಲ್ಲಿ, ಜನ ಚಪ್ಪಲಿ ಹುಡುಕುತ್ತಿರುವಾಗ ವಂದನಾರ್ಪಣೆಯವರು ಆಡುವ ಮಾತು. ‘ಕ್ಷಮಿಸಿ’ ಎನ್ನುವುದು ಪತ್ರಕ್ಕೆ, ಭಾಷಣಕ್ಕೆ. ‘ತಪ್ಪಾಯ್ತು’ ಎನ್ನುವುದೋ, ದೇವರ ಮುಂದೆ ಕೆನ್ನೆ ಬಡಿದುಕೊಳ್ಳುವಾಗ. ಅಷ್ಟು ಭಾರದ ಮಾತನ್ನು ಗಂಡಸರು ಹೆಂಡತಿಯ ಮುಂದೆ ಎತ್ತಲಾರರು. ‘ನೂರು ಸಾರಿ ಹೇಳಿದ್ದೀನಿ’ ಎಂದು ಗದರಲು ಬರುತ್ತದೆ. ಒಂದು ‘ಸಾರಿ’ ಹೇಳಲು ಬರುವುದಿಲ್ಲ.

ಆ ಪಾಠವೂ ಬಂತು. ಕಾಲು ತಗುಲಿದರೆ ಸಾರಿ, ನೀರು ಚೆಲ್ಲಿದರೆ ಸಾರಿ, ಬಾಗಿಲಲ್ಲಿ ನಾನು ಎದುರಾದರೆ ಸಾರಿ. ನನಗೆ ಒಳ್ಳೆಯ ತಮಾಷೆಯಾಗಿತ್ತು. ಆದರೆ ಒಂದು ಗುರುವಾರ ಕ್ಲಾಸು ಮುಗಿಸಿ ಬಂದವರ ಮುಖ ಬಾಡಿತ್ತು. ‘ಐ ಆ್ಯಮ್ ಸಾರಿ ಫಾರ್’ ಎಂದು ಶುರುಮಾಡಿ ಪ್ರತಿಯೊಬ್ಬರೂ ತಮ್ಮದೇ ಒಂದು ವಾಕ್ಯ ಮುಗಿಸಬೇಕಿತ್ತಂತೆ. ಇವರ ಸರದಿ ಬಂದಾಗ ಬಾಯಿ ಕಟ್ಟಿತಂತೆ.

“ತಡಾ ಮಾಡಿ ಬಂದಿದ್ದಕ್ಕ ಅಂತ ಹೇಳಬೇಕಿಲ್ಲೋ?” ಅಂದೆ.

“ಅದನ್ನ ಎಲ್ಲಾರೂ ಹೇಳಿದ್ರು” ಅಂದರು.

ಇಲ್ಲಿ ಹಳೆಯದೊಂದು ಸಂಗತಿ ನಿಮಗೆ ಹೇಳಬೇಕು. ಮಗಳಿಗೆ ಎರಡು ವರ್ಷವಿದ್ದಾಗ ನಾನು ಜಾಲಹಳ್ಳಿಯ ಶಾಲೆಯೊಂದಕ್ಕೆ ಟೈಪಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಬಾಡಿಗೆ ಮನೆ ಬದಲಾಗುತ್ತಲೇ ಇದ್ದುದರಿಂದ ಇವರ ಕಾರ್ಖಾನೆಯ ವಿಳಾಸ ಕೊಟ್ಟಿದ್ದೆ. ದಿನವೂ ಸಂಜೆ “ಕಾಗದ ಬಂತೇನ್ರೀ?” ಎಂದು ಕೇಳುತ್ತಿದ್ದೆ, “ಇಲ್ಲ” ಅನ್ನುತ್ತಿದ್ದರು. ಒಂದು ದಿನ ಅವರ ಚೀಲ ಒಗೆಯಲು ತೆಗೆದಾಗ ಒಳಜೇಬಿನಲ್ಲಿ ಆ ಕಾಗದ ಸಿಕ್ಕಿತು. ಕೆಲಸ ನನಗೇ ಆಗಿತ್ತು. ಸೇರಬೇಕಾದ ದಿನ ಕಳೆದು ವಾರವಾಗಿತ್ತು. “ಕೂಸು ಸಣ್ಣದು, ಎರಡು ಬಸ್ಸು ಬದಲಿಸಬೇಕು, ಅದಕ್ಕ ಹೇಳಲಿಲ್ಲ” ಅಂದರು. ನಾನು ಕಾಗದ ಮಡಿಚಿಟ್ಟು, ಚೀಲ ಒಗೆದು ಒಣಹಾಕಿದೆ. ಆಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಗುರುವಾರ ಕಳೆದು ಬಂದ ಭಾನುವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಅವರು ಬಂದು ಎದುರು ಕೂತರು. ಒಂದು ಕಾಯಿ ಎತ್ತಿಕೊಂಡು ಸುಲಿಯದೆ ಕೈಯಲ್ಲೇ ಹೊರಳಿಸುತ್ತ ಹೇಳಿದರು:

“ಆ ಸಾಲಿ ಕಾಗದದ ವಿಷಯಕ್ಕ… ಐ ಆ್ಯಮ್ ಸಾರಿ.”

ನನಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ.

“ಇದು ಇವತ್ತಿನ ಪಾಠ ಏನ್ರೀ?”

“ಅಲ್ಲ. ಆ ಪಾಠ ಮುಗದು ಮೂರು ದಿನಾ ಆತು.”

ಅವರ ಪುಸ್ತಕದಲ್ಲಿ ಇದಕ್ಕೆ ಉತ್ತರವೂ ಇತ್ತು. ‘ಇಟ್ಸ್ ಓಕೆ’ ಅನ್ನಬೇಕು. ಕೇಳಿ ಕೇಳಿ ನನಗೂ ಬಾಯಿಗೆ ಬಂದಿತ್ತು. ಅಷ್ಟು ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇಬ್ಬರೂ ಕಾಯಿ ಸುಲಿದು ಮುಗಿಸುತ್ತಿದ್ದೆವು. ಬೇರೆಯವರ ಭಾಷೆಯ ಹಗುರವಾದ ಮಾತೊಂದು ಅವರನ್ನು ಹೊಸ್ತಿಲವರೆಗೆ ತಂದು ನಿಲ್ಲಿಸಿತ್ತಲ್ಲ, ಅಲ್ಲಿಂದಲೇ ಹಿಂದಕ್ಕೆ ಕಳಿಸಲು ನನಗೆ ಮನಸ್ಸಾಗಲಿಲ್ಲ.

“ಆವಾಗ ನನಗ ಭಾಳ ತ್ರಾಸಾಗಿತ್ತು ರೀ” ಅಂದೆ. ಅನ್ನುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಕೆಲಸ ಹೋಗಿದ್ದಕ್ಕಲ್ಲ. ದಿನಾ ಕೇಳತಿದ್ನಲ್ಲ ನಾನು…”

ಅಷ್ಟರಲ್ಲಿ ಹಾಲು ಉಕ್ಕಿ ಬರುವ ಸದ್ದಾಯಿತು. ನಾನು ಏಳಹೋದೆ. ಅವರೇ ಎದ್ದರು, ಒಲೆ ಆರಿಸಿ, ಚೆಲ್ಲಿದ್ದನ್ನು ಒರೆಸಿ, ಮತ್ತೆ ಅದೇ ಜಾಗಕ್ಕೆ ಬಂದು ಕೂತರು.

“ಹೇಳು” ಅಂದರು.